ಹನ್ನೊಂದನೇ ದಿನದ ನೀರು

ಮೊಟ್ಟೆಗಳನ್ನು ದಿನ ಬಿಟ್ಟು ದಿನ ಮಗುಚಿಟ್ಟರೆ
ಕೆಡುವುದಿಲ್ಲ ಎಂದಿದ್ದಳು ಪಕ್ಕದ ದೋಣಿಯ ಮರ್ಲೀನ್.
ಹಾಗಾಗಿ ಎದ್ದವಳೇ ಮೊದಲು ಮೊಟ್ಟೆ,
ಆಮೇಲೆ ಮುಖ.

ಮುಖಕ್ಕೆ ಅರ್ಧ ಲೋಟ. ಪಾತ್ರೆಗೆ ಕಡಲು,
ಕೊನೆಗೊಮ್ಮೆ ಸಿಹಿನೀರಿನ ಶಾಸ್ತ್ರ.
ತೊಟ್ಟಿಯಲ್ಲಿ ಎಷ್ಟಿದೆಯೆಂದು ವಾಮನ
ಕಡ್ಡಿ ಇಳಿಸಿ ನೋಡುತ್ತಾನೆ,
ನನಗೆ ಎರಡು ಬೆರಳು ಕಡಿಮೆ ಹೇಳುತ್ತಾನೆ.
ಗೊತ್ತು ನನಗೆ.
ಅಕ್ಕಿಯ ವಿಷಯದಲ್ಲಿ ನಾನೂ ಹಾಗೆಯೇ.

ಏರ್ಲಿ ಬೀಚಿನಲ್ಲಿ ಕೊಂಡ ಟೊಮೆಟೊ ಇನ್ನೆರಡು ಉಳಿದಿವೆ.
ಎಂಜಿನ್ನಿನ ಬೆಚ್ಚನೆ ಮಗ್ಗುಲಲ್ಲಿ ದೋಸೆಹಿಟ್ಟು ಉಬ್ಬಿ
ಅಲೆ ಬಂದಾಗಲೆಲ್ಲ ಮುಚ್ಚಳ ಎತ್ತಿ ಇಣುಕುತ್ತದೆ.

ಜುಲೈ. ಇದನ್ನಿಲ್ಲಿ ಚಳಿಗಾಲ ಎನ್ನುತ್ತಾರೆ!
ಕಂಬಿಗೆ ಕ್ಲಿಪ್ಪು ಹಾಕಿದ ಅಂಗಿ
ಗಳಿಗೆಯಲ್ಲಿ ಒಣಗಿ, ಉಪ್ಪಿಗೆ ಸೆಟೆದು,
ತೋಳು ಚಾಚಿ ಯಾರನ್ನೋ ಕರೆಯುತ್ತದೆ.
ಮಲ್ಪೆಯಲ್ಲಿ ಈಗ ಆಟಿ; ದೋಣಿಗಳು
ಮಡಲು ಹೊದ್ದು ಮರಳ ಮೇಲೆ ಮಲಗಿರುತ್ತವೆ.

ಹುಕ್ ದ್ವೀಪದ ಮೂತಿ ದಾಟಿದರೆ ಸಿಗ್ನಲ್. ಚಿಕ್ಕಮ್ಮನಿಗೆ ಫೋನು.
"ಮೀನು ಸಿಕ್ಕಿತಾ?"
ಇಲ್ಲಿ ಹಿಡಿಯುವ ಹಾಗಿಲ್ಲ ಚಿಕ್ಕಮ್ಮ.
"ಮತ್ತೆ ಕಡಲಿಗೆ ಹೋದದ್ದು ಎಂತಕ್ಕೆ?"

ಎಂತಕ್ಕೆ.
ರಾತ್ರಿ ಎರಡಕ್ಕೆ ಗಾಳಿ ತಿರುಗಿ
ಲಂಗರಿನ ಸರಪಳಿ ಕೆಳಗೆಲ್ಲೋ ಹಲ್ಲು ಕಡಿಯಿತು.
ಇಬ್ಬರೂ ಏಳಲಿಲ್ಲ, ಇಬ್ಬರಿಗೂ ಎಚ್ಚರ.
ಕತ್ತಲಲ್ಲಿ ಕೇಳಿದ: ಹಿಡಿದಿದೆಯಾ?
ಹಲಗೆಗೆ ಅಂಗೈ ಒತ್ತಿ
ಸ್ವಲ್ಪ ಹೊತ್ತು ಆಲಿಸಿ
ಹಿಡಿದಿದೆ ಎಂದೆ,
ಎರಡು ಬೆರಳು ಜಾಸ್ತಿ ಸೇರಿಸಿ.