ಕಣದಲ್ಲಿ ನಲವತ್ತು ಸುತ್ತು

ಬೆಳಿಗ್ಗೆ ಐದಕ್ಕೆದ್ದು ನಡೆಯಿರಿ, ಅಂದರು ಡಾಕ್ಟರು,
ಮಡಿಕೇರಿಯ ಎರಡನೇ ಮಹಡಿಯಲ್ಲಿ ಕೂತು.
ಮಾಲ್ದಾರೆಯಲ್ಲಿ ಐದಕ್ಕೆ ನಡೆಯುವುದು ಆನೆ.
ಅದಕ್ಕೆ ಯಾರೂ ಚೀಟಿ ಬರೆದುಕೊಟ್ಟಿಲ್ಲ.

ಸ್ಕ್ಯಾನಿನ ಕಪ್ಪು ಹಾಳೆ ಬೆಳಕಿಗೆ ಹಿಡಿದು
ನೋಡಿ, ಮುತ್ತಿನ ಸರದ ಹಾಗೆ, ಅಂದಿದ್ದರು.
ನನಗೆ ಕಂಡದ್ದು ಮೆಣಸಿನ ಗೊಂಚಲು,
ಕಾಳು ಕಟ್ಟಿ, ಹಣ್ಣಾಗದೆ,
ಬಳ್ಳಿಯಲ್ಲೇ ಹಸಿರಾಗಿ ನಿಂತದ್ದು.
ಪಿ ಸಿ ಓ ಎಸ್. ನಾಲ್ಕೇ ಅಕ್ಷರ.
ಬಸ್ಸಲ್ಲಿ ಬರುವಾಗ ಬೆರಳು ಮಡಿಸಿ ಎಣಿಸಿದೆ:
ಮುಟ್ಟಾಗಿ ಎಂಬತ್ತೆರಡು ದಿನ.

ಊರ ಹೆಂಗಸರ ಸೊಂಟವೆಲ್ಲ ನನ್ನ ಪುಸ್ತಕದಲ್ಲಿದೆ,
ಯಾರದು ಮೂವತ್ತು, ಯಾರದು ಮೂವತ್ತೆಂಟೂವರೆ;
ನನ್ನದನ್ನು ಮಾತ್ರ ಬರೆದಿರಲಿಲ್ಲ.
ಅಂದು ರಾತ್ರಿ ಅಂಗಡಿಯ ಬಾಗಿಲೆಳೆದು
ಟೇಪು ಸುತ್ತಿಕೊಂಡೆ. ಉಸಿರು ಹಿಡಿದೆ.
ಆಮೇಲೆ, ಗಿರಾಕಿಗೆ ಹೇಳುವ ಹಾಗೆ,
ಉಸಿರು ಬಿಡಿ, ಸಡಿಲ ನಿಲ್ಲಿ, ಅಂದುಕೊಂಡೆ.

ಪಕ್ಕದ ಎಸ್ಟೇಟಿನ ಕಾಫಿ ಕಣ. ಸಂಜೆ ಐದೂವರೆ.
ಸುತ್ತ ಸೋಲಾರ್ ಬೇಲಿ. ನಾನು, ಜೊತೆಗೆ ನಫೀಸಾ,
ಅವಳದೂ ಇದೇ ಕಥೆ, ಗದ್ದದ ಕೂದಲು ಸಮೇತ.
ಎಡ ಜೇಬಲ್ಲಿ ನಲವತ್ತು ಕಾಫಿ ಬೀಜ,
ಸುತ್ತಿಗೊಂದರಂತೆ ಬಲ ಜೇಬಿಗೆ.
ಮೊದಲ ವಾರ ಹನ್ನೆರಡಕ್ಕೇ ಏದುಸಿರು.
ಡಿಸೆಂಬರಿನಲ್ಲಿ ಕಣದ ತುಂಬ ಹಣ್ಣು ಹರವಿದರು,
ನಮಗುಳಿದದ್ದು ಅಂಚಿನ ಎರಡಡಿ;
ಹುಳಿ ವಾಸನೆಯೊಳಗೆ ಒಬ್ಬಳ ಹಿಂದೊಬ್ಬಳು.
ಆನೆ ಇದೆ, ಎಚ್ಚರ, ಎಂದು ಫಾರೆಸ್ಟಿನವರ ಮೆಸೇಜು ಬಂದರೆ
ಗೋದಾಮಿನ ಮೂಟೆಗಳ ನಡುವೆ ಉಳಿದ ಸುತ್ತು.

ಕಷ್ಟವಾದದ್ದು ಕಾಲಿಗಲ್ಲ, ಅವ್ವನಿಗೆ.
ಬೆಲ್ಲವಿಲ್ಲದ ಕಾಫಿಯೂ ಒಂದು ಕಾಫಿಯಾ,
ಎರಡೇ ಕಡಂಬುಟ್ಟಾ, ಯಾರ ಮೇಲೆ ಸಿಟ್ಟು?
ನಾನು ಮಾತಾಡದೆ ತೆರ್ಮೆ ಸೊಪ್ಪಿನ ಪಲ್ಯ
ಅರ್ಧ ತಟ್ಟೆ ಬಡಿಸಿಕೊಳ್ಳುತ್ತಿದ್ದೆ.
ಒಂದು ದಿನ ಅವ್ವನೇ ಹೊಳೆಬದಿಯಿಂದ ತೆರ್ಮೆ ತಂದು
ಎಳೆ ಸುರುಳಿ ಚಟಚಟ ಮುರಿಯುತ್ತಾ
ತಲೆಯೆತ್ತದೆ ಅಂದಳು: ನನಗೂ ಹೀಗೇ ಇತ್ತು,
ನೀನು ಹುಟ್ಟುವ ಮುಂಚೆ, ಆರು ವರ್ಷ.
ಆಗ ಇದಕ್ಕೊಂದು ಹೆಸರಿರಲಿಲ್ಲ.
ನನಗಿಟ್ಟಿದ್ದರು.

ಕೊಯ್ಲಿನ ಕೊನೆಯ ವಾರ,
ನೀಲಕ್ಕನ ರವಿಕೆಗೆ ತೋಳು ಕೂಡಿಸುತ್ತಿದ್ದಾಗ
ಕಿಬ್ಬೊಟ್ಟೆಯಲ್ಲಿ ಆ ಹಳೆಯ ಹಿಂಡು.
ಹೊಲಿಗೆ ಓರೆಯಾಯಿತು. ಬಿಚ್ಚಿ ಮತ್ತೆ ಹೊಲಿದೆ.
ಕ್ಯಾಲೆಂಡರಿನ ಮೇಲೆ ಸೀಮೆಸುಣ್ಣದ ಒಂದು ಗೀಟು.
ಮುಂದಿನದು ನಲವತ್ತೊಂದಕ್ಕೆ. ಅದರ ಮುಂದಿನದು
ಇನ್ನೂ ಬಂದಿಲ್ಲ.

ಸೊಂಟ ಒಂದೂವರೆ ಇಂಚು ಇಳಿದಿದೆ, ಪುಸ್ತಕಕ್ಕೆ ಏರಿಸಿದ್ದೇನೆ,
ಪೆನ್ಸಿಲಿನಲ್ಲಿ.
ಐದೂವರೆಯಾಯಿತು, ನಫೀಸಾ ಗೇಟಿನಲ್ಲಿ ಕೂಗುತ್ತಿದ್ದಾಳೆ.
ಜೇಬಲ್ಲಿ ಒಂದು ಬೀಜ ಕಡಿಮೆ, ಎಲ್ಲೋ ಬಿದ್ದಿರಬೇಕು;
ಇವತ್ತು ಕೊನೆಯ ಸುತ್ತನ್ನು
ಬಾಯಲ್ಲೇ ಎಣಿಸಬೇಕು.