ಒಳಅಟ್ಟೆ

ಬಾಯಲ್ಲಿ ಮೊಳೆಗಳಿದ್ದವು,
ಅದಕ್ಕೇ ಮಾತಾಡಲಿಲ್ಲ.
ಇಷ್ಟು ದಿನ ಇದನ್ನೇ ಹೇಳಿಕೊಂಡು ಬಂದೆ.

ಏತೇರಿ ತಂದದ್ದು ಸತ್ತ ಗಂಡನ ಬೂಟು.
ಮೊಮ್ಮಗ ಗೋಚಾನ ಕಾಲು ಅಜ್ಜನ ಅಳತೆಗೆ ಬಂದಿದೆ,
ಅಟ್ಟೆ ಬದಲಿಸಿಕೊಡು ನೋಡಾರಿ, ಅಂದಳು.
ಚಳಿ ಆಗಲೇ ರಿಯೋನಿಯ ಸೇತುವೆ ದಾಟಿ
ಕುತೈಸಿಯ ಪೇಟೆಗೆ ಇಳಿದಿತ್ತು.

ಎಡಗಾಲಿನದರಲ್ಲಿ ಬೆವರಿನ ಕರೆ, ಐದು ಬೆರಳಿನ ಗುಳಿ.
ಬಲಗಾಲಿನ ಒಳಅಟ್ಟೆ ಎಬ್ಬಿಸಿದರೆ
ಎಣ್ಣೆಕಾಗದ, ಅದರೊಳಗೆ ಐವತ್ತರ ಆರು ನೋಟು,
ನಡೆದೂ ನಡೆದೂ ಚಪ್ಪಟೆ.

ಹೆಂಡತಿಗೇ ಮುಚ್ಚಿಟ್ಟ ದುಡ್ಡು.
ಕುಡಿತಕ್ಕೋ, ಇನ್ನೊಬ್ಬಳಿಗೋ,
ಸತ್ತವನ ಮೇಲೆ ಹೊರಿಸುವುದು ಎಷ್ಟು ಸಲೀಸು.
ಕೊಟ್ಟರೆ ಗಂಡನ ಗುಟ್ಟೂ ಅವಳ ಕೈಸೇರುತ್ತದೆ,
ಪಾಪ, ನೊಂದುಕೊಳ್ಳುತ್ತಾಳೆ.
ನೋಡಿ, ಕದಿಯುವ ಕೈಗೆ ಎಂಥ ಕರುಣೆ!

ಎಷ್ಟಾಯ್ತು, ಅಂದಳು.
ಬೇಡ ಎಂದು ಕೈಯಾಡಿಸಿದೆ.
ಮರುದಿನ ಕರವಸ್ತ್ರದ ತುಂಬ ಅಕ್ರೋಟು ತಂದಳು,
ಬೀದಿಗೆಲ್ಲ ಹೇಳಿದಳು,
ನೋಡಾರಿ ದೇವರಂಥವನು.

ಅಕ್ರೋಟು ಒಡೆಯಲಾಗಲಿಲ್ಲ.
ಸುತ್ತಿಗೆ ಇತ್ತು, ಹೊತ್ತೂ ಇತ್ತು.

ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿದೆ, ಅದೇನೂ ಆರಲಿಲ್ಲ.
ಪಾದ್ರಿಯ ಮುಂದೆ, ಮೊಳೆಯಿಲ್ಲದ ಬಾಯಲ್ಲೂ,
ಬೇರೆ ಪಾಪಗಳನ್ನೇ ಹೇಳಿ ಬಂದೆ.

ಒಳಗೊಬ್ಬನಿದ್ದಾನಂತೆ, ಸರಿ ತಪ್ಪು ಹೇಳುವವನು.
ನನ್ನೊಳಗೆ ಯಾರೂ ತುಟಿ ಬಿಚ್ಚಲಿಲ್ಲ.
ಬೂಟಿಗೆ ಸೇರಿದ ಹರಳಿನ ಹಾಗೆ ಅದು,
ನಡೆದರಷ್ಟೇ ಚುಚ್ಚುತ್ತದೆ.
ನಾನೋ, ಕೂತು ದುಡಿಯುವವನು.

ನಡೆಯುತ್ತಿದ್ದವನು ಗೋಚಾ.
ದಿನಾ ಬೆಳಿಗ್ಗೆ ಅಂಗಡಿಯ ಮುಂದೆ, ಶಾಲೆಗೆ.
ಹೆಜ್ಜೆ ಕೇಳಿ ಯಾವ ಮೊಳೆ ಸಡಿಲ ಎಂದು ಹೇಳಬಲ್ಲೆ,
ಮೂವತ್ತು ವರ್ಷದ ಕಸುಬು.
ಎಡಗಾಲು ಟಕ್.
ಬಲಗಾಲಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಹಿಮ ಕರಗಿದ ಮೇಲೆ ಹುಡುಗ ಒಳಗೇ ಬಂದ.
ಬಿಗಿಯಾಗ್ತಿದೆ ಮಾಮ, ಇದೊಂದೇ, ಬಲಗಾಲು.
ಬೆಳೆಯುವ ಕಾಲು, ಅಷ್ಟೇ.
ಬೇರೇನೂ ಅರ್ಥವಿಲ್ಲ ಅದಕ್ಕೆ, ನನಗೆ ಗೊತ್ತು.

ಮೊಳೆಡಬ್ಬಿಯ ತಳದಲ್ಲಿ ನಾಲ್ಕು ನೋಟಿವೆ.
ಎರಡು ಒಲೆಯಲ್ಲಿ ಕಲ್ಲಿದ್ದಲಾಗಿ ಉರಿದುಹೋದವು.
ನಾಲ್ಕು ಕೊಡಬೇಕೆಂದರೆ
ಆರರ ಕಥೆ ಹೇಳಬೇಕು.

ಒಂದೊಂದೇ ಮೊಳೆಯನ್ನು ಅಂಗೈಗೆ ಉಗುಳಿದೆ.
ಅಜ್ಜಿ ಮನೇಲಿದಾಳೇನೋ, ಅಂದೆ.
ನಾಲಿಗೆಯ ತುಂಬ ಕಬ್ಬಿಣದ ರುಚಿ.