ಸ್ಥಳೀಯ ಹೆಸರು

ಹಾಳೆ ನಂಬರು ಇನ್ನೂರ ಹದಿನಾಲ್ಕು.
ಕುಟುಂಬ: ಜಿರೇನಿಯೇಸಿ.
ಸಿಕ್ಕ ಜಾಗ: ಬೀದರ, ನೌಬಾದಿನ ಆಚೆ,
ಸುರಂಗಬಾವಿಯ ಬಾಯಿಯ ಹತ್ತಿರ, ಜಂಬಿಟ್ಟಿಗೆಯ ಬಿರುಕು.
ಎತ್ತರ: ಮೊಣಕಾಲಿಗಿಂತ ಕೆಳಗೆ.
ಸ್ಥಳೀಯ ಹೆಸರು:
ಅಲ್ಲಿ ಪೆನ್ನು ಊರಿ ಎತ್ತಿದ ಒಂದು ಚುಕ್ಕೆ, ಅಷ್ಟೆ.

ಗಿಡ ಅನ್ನಲು ಬೆನ್ನು ಸಾಲದು, ಹುಲ್ಲು ಅನ್ನಲು ಸೊಕ್ಕು ಬಹಳ.
ಬುಡದಲ್ಲಿ ಕಟ್ಟಿಗೆ; ತುದಿಗೆ ಬರುವಷ್ಟರಲ್ಲಿ
ಮನಸ್ಸು ಬದಲಿಸಿ ಮೆತ್ತಗಾದ ಕಾಂಡ.
ಎದುರುಬದುರು ಎಲೆ,
ಅಂಚಿಗೆ ಕೂಸು ಕಚ್ಚಿಟ್ಟ ರೊಟ್ಟಿಯ ಹಾಗೆ ಸಣ್ಣ ಹಲ್ಲು.
ಹೂ ತಿಳಿಗುಲಾಬಿ. ಬೆಳಿಗ್ಗೆ ಬಿರಿದದ್ದು
ಎರಡು ಪಿರಿಯಡ್ ಮುಗಿಸಿ ಬರುವುದರೊಳಗೆ ಎಸಳು ಕೆಡವಿರುತ್ತದೆ.
ಕೇಸರ ಎಣಿಸಿದೆ: ಹದಿನೈದು.
ಮೂರು ಮೂರು ಸೇರಿ ಐದು ಗುಂಪು,
ಭಾಲ್ಕಿ ಬಸ್ಸಿಗೆ ಕಾದ ಹುಡುಗಿಯರ ಹಾಗೆ ಒತ್ತೊತ್ತಿ.
ಮತ್ತೆ ಎಣಿಸಿದೆ. ಹದಿನೈದೇ.

ಪಕ್ಕದಲ್ಲಿ ಸ್ಪಿರಿಟ್ಟಿನ ಬಾಟಲಿ ಹಿಡಿದು ಧೂಳಪ್ಪ.
ಲ್ಯಾಬಿನ ಅಟೆಂಡರ್. ಊರು ಕಮಠಾಣ.
ಸಣ್ಣಂದಿನಲ್ಲಿ ಪೂರಾ ಆಡಿನ ಹಿಂದೆ.
"ಇದಕ್ಕೆ ಏನಂತಾರಪ್ಪ ನಿಮ್ಮ ಕಡೆ?"
"ಏನೂ ಅನ್ನಲ್ರಿ ಮೇಡಮ್. ಆಡು ತಿಂತಾವ.
ತಿಂದು ಹೋಗೋದಕ್ಕ ಹೆಸರ್ಯಾಕ?"

ಹೂ ಉದುರಿದ ಮೇಲೆ ಗಿಡ ನಿಜ ಹೇಳತೊಡಗಿತು.
ಎಸಳು ಹೋದಲ್ಲಿ ಕೊಕ್ಕೊಂದು ಎದ್ದಿತು,
ಬೆರಳುದ್ದ, ಮುಗಿಲಿಗೆ ನೆಟ್ಟಗೆ.
ಗ್ರೀಕರಿಗೆ ಇದರಲ್ಲಿ ಕೊಕ್ಕರೆ ಕಂಡಿತು,
ಇಡೀ ಕುಟುಂಬಕ್ಕೆ ಹಕ್ಕಿಯ ಹೆಸರಿಟ್ಟರು
ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ.
ಬಾಗಿಲಿಗೊರಗಿದ್ದ ಧೂಳಪ್ಪ ನಡುವೆ ಬಾಯಿ ಹಾಕಿದ:
"ಕೊಕ್ಕರಿ ಅಲ್ರಿ, ದಬ್ಬಣ.
ನಮ್ಮಪ್ಪ ಗಂಜಿನಾಗ ತೊಗರಿ ಚೀಲ ಹೊಲೀತಿದ್ದ.
ಹಿಂಗೇ ಇರ್ತಿತ್ತು, ಕಿವಿ ಮ್ಯಾಲೆ."
ಕ್ಲಾಸು ನಕ್ಕಿತು. ನಾನೂ.
ಒಬ್ಬನ ಮಾತು ಹೆಸರಾಗುವುದಿಲ್ಲ,
ಮೂವರನ್ನಾದರೂ ಕೇಳಬೇಕೆಂದು ನನ್ನ ಗುರುಗಳ ನಿಯಮ.
ಬರೆಯಲಿಲ್ಲ.

ಒಣಗಿದ ಕೊಕ್ಕು ಐದಾಗಿ ಸೀಳುತ್ತದೆ.
ಸೀಳಿಗೊಂದು ಬೀಜ, ಬೀಜಕ್ಕೊಂದು ಬಾಲ.
ಬಿಸಿಲಿಗೆ ಬಾಲ ಸುರುಳಿ ಸುತ್ತುತ್ತದೆ;
ಹಸಿಗಾಳಿ ತಾಗಿದರೆ ಬಿಚ್ಚುತ್ತ, ತಿರುಗುತ್ತ
ಬೀಜವನ್ನು ನೆಲದೊಳಕ್ಕೆ ಕೊರೆಯುತ್ತದೆ.
ಮತ್ತೆ ಬಿಸಿಲು, ಮತ್ತೆ ಸುರುಳಿ,
ಮತ್ತೆ ಇಬ್ಬನಿ,
ಇನ್ನೊಂದು ನೂಲೆಳೆ ಆಳ.
ಕೆಂಪು ಕಲ್ಲು ಕೊರೆದೇ ನೀರು ಕಂಡ ಊರು ಇದು.
ಸುರಂಗದೊಳಗೆ ದೀಪ ಹಿಡಿದರೆ
ಇಳಿದವರ ಉಳಿಯ ಗೀರು ಇವತ್ತಿಗೂ ಕೈಗೆ ಹತ್ತುತ್ತದೆ.
ಅವರಿಗಾದರೂ ಉಸಿರಿತ್ತು.
ಈ ಬಾಲದಲ್ಲಿ ಜೀವವಿಲ್ಲ, ಮಕ್ಕಳೇ,
ಇದು ಸತ್ತ ನಾರು;
ಸತ್ತದ್ದೇ ತಿರುಗುತ್ತಿದೆ, ಬದುಕಿರುವುದನ್ನು ನೆಡಲು.
ಇದನ್ನು ಹೇಳುವಾಗ ವರ್ಷವರ್ಷವೂ ನನ್ನ ದನಿ ಸಣ್ಣದಾಗುತ್ತಿತ್ತು.
ಯಾಕೋ ನೋಟ್ಸಿನಲ್ಲಿ ಬರೆಸುತ್ತಿರಲಿಲ್ಲ.

ನಿವೃತ್ತಿಗೆ ಇನ್ನು ಹನ್ನೊಂದು ದಿನ.
ಲೆಕ್ಕ ಒಪ್ಪಿಸಲು ಕಪಾಟು ತೆಗೆದೆ.
ಹೊರಗೆ ಮೂರು ದಿನದಿಂದ ಜಿಟಿಜಿಟಿ,
ಒಳಗೆ ನುಸಿಗುಳಿಗೆಯ ವಾಸನೆ.
ಇನ್ನೂರ ಹದಿನಾಲ್ಕನ್ನು ಎತ್ತಿದರೆ
ಅಡಿಯ ಉರ್ದು ಪೇಪರೂ ಜೊತೆಗೇ ಎದ್ದು ಬಂತು.
ಬಿಡಿಸಲು ನೋಡಿದೆ. ಒಲ್ಲೆ ಅಂತು.
ಭೂತಗನ್ನಡಿ ಇಟ್ಟೆ.

ಗೋಂದು ಬಿಟ್ಟು ಒಂದು ಬಾಲ ಎಂದೋ ಸಡಿಲಾಗಿದೆ.
ಇಪ್ಪತ್ತೆಂಟು ಮಳೆಗಾಲ ಕಪಾಟಿನ ಕತ್ತಲೆಯಲ್ಲಿ
ಬೀಗದ ಸಂದಿಯಿಂದ ಬಂದಷ್ಟೇ ತೇವ ನಂಬಿ
ತಿರುಗಿದೆ, ನಿಂತಿದೆ, ತಿರುಗಿದೆ.
ಹಾಳೆ ದಾಟಿ, ಪೇಪರು ದಾಟಿ
ಹಳೆಯ ಸಿಮೆಂಟು ಜಾಹೀರಾತಿನ ನಟ್ಟನಡುವೆ
ಬೀಜದ ಮೂಗು.
ಎರಡನ್ನೂ ಸೇರಿಸಿ ಹೊಲಿದಿದೆ.

ಹುಮನಾಬಾದಿಗೆ ಫೋನು ಹಚ್ಚಿದೆ.
ಧೂಳಪ್ಪ ಈಗ ಮಗಳ ಅಂಗಡಿಯ ಗಲ್ಲೆಯ ಮೇಲೆ; ಕಿವಿ ಮಂದ.
"ದಬ್ಬಣ" ಅಂದೆ.
"ಆಂ?"
"ದಬ್ಬಣ, ಧೂಳಪ್ಪ, ದಬ್ಬಣ!"
ಸ್ಟಾಫ್‌ರೂಮು ತಿರುಗಿ ನೋಡಿತು.
ಆ ಕಡೆ ಚಿಲ್ಲರೆ ಎಣಿಸುವ ಸದ್ದು ನಿಂತು,
"ದಬ್ಬಣ ಯಾಕ್ರಿ ಮೇಡಮ್," ಅಂದ,
"ಏನರೆ ಹರದದೇನು?"